ಡಿಚೋಲಿಯ ಕುಕ್ಕರ್ ಆಫರ್

ಕೊರೊನಾ ಕಳೆದು ಗೋವಾದ ಪೇಟೆಗಳು ಮತ್ತೆ ಚೇತರಿಸಿಕೊಳ್ಳುತ್ತಿದ್ದ ವರ್ಷ. ಧಾರವಾಡದವಳಾದ ನಾನು ಪಣಜಿಯಲ್ಲಿ ವಿಷುವಲ್ ಮರ್ಚಂಡೈಸರ್ ಆಗಿದ್ದೆ. ಅಂಗಡಿಯೊಳಗೆ ಯಾವ ಸರಕು ಎಲ್ಲಿರಬೇಕು, ಗ್ರಾಹಕರು ಯಾವ ದಾರಿಯಲ್ಲಿ ಸುತ್ತಬೇಕು ಎಂದು ಯೋಜಿಸುವ ಕೆಲಸ ಅದು. ಡಿಚೋಲಿಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಬೆಳಗಾವಿಯ ಮಹಾಂತೇಶ ನನ್ನನ್ನು ಕರೆಸಿದರು. ಸುತ್ತಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತ ಮೇಲೆ ಅವರ ವ್ಯಾಪಾರ ಕುಗ್ಗಿತ್ತು. ಈಗ ಎದುರಿಗೇ ದೊಡ್ಡ ಸೂಪರ್‌ಮಾರ್ಕೆಟ್ ಬಂದಿತ್ತು. ಅವರೂ ಹೆಂಡತಿ ಗಿರಿಜಾ ಅವರೂ ಇದ್ದುದನ್ನೆಲ್ಲ ಸುರಿದು ಅಂಗಡಿಗೆ ಹೊಸ ರೂಪ ಕೊಟ್ಟಿದ್ದರು.

ಚೌತಿಗೆ ಮುಂಚಿನ ಭಾನುವಾರ ಮರು-ಆರಂಭ. ನನ್ನ ನಕ್ಷೆಯಲ್ಲಿ ಬಾಗಿಲ ಒಳಬದಿಯ ಜಾಗ ಖಾಲಿ ಇತ್ತು. ಬಂದವರು ನಿಂತು ಕಣ್ಣಾಡಿಸಲು ಅಷ್ಟು ಜಾಗ ಬೇಕೇ ಬೇಕು. ಬೆಳಿಗ್ಗೆ ಹೋಗಿ ನೋಡಿದರೆ ಅಲ್ಲಿ ಎದೆಮಟ್ಟದ ಕುಕ್ಕರ್ ಪೆಟ್ಟಿಗೆಗಳ ಗೋಡೆ! ಹಿಂದಿನ ದಿನ ಮಹಾಂತೇಶ ರಿಕ್ಷಾಕ್ಕೆ ಮೈಕ್ ಕಟ್ಟಿಸಿ, ಮೊದಲು ಬಂದವರಿಗೆ ಅರ್ಧ ಬೆಲೆಗೆ ಕುಕ್ಕರ್ ಎಂದು ಊರೆಲ್ಲ ಸಾರಿಸಿದ್ದರು. ನನಗೆ ಒಂದು ಮಾತೂ ತಿಳಿಸಿರಲಿಲ್ಲ.

ನಾವು ಮೂವರೂ ಪಕ್ಕದ ಓಣಿಯ ಗೋದಾಮಿನಿಂದ ಒಳಗೆ ಬಂದಿದ್ದೆವು. ಮುಂದಿನ ಶಟರ್ ಮುಚ್ಚಿತ್ತು. ಹೊರಗೆ ಮಳೆ, ಕುಕ್ಕರಿಗಾಗಿ ಬಂದವರ ಜಂಗುಳಿ. ಹಿಂದಿದ್ದವರು ತೊಯ್ಯಬಾರದೆಂದು ಛಾವಣಿಯ ಕೆಳಗೆ ನುಗ್ಗಿದಂತೆಲ್ಲ ಮುಂದಿದ್ದವರು ಶಟರಿಗೆ ಅಂಟಿಕೊಳ್ಳುತ್ತಿದ್ದರು. ತಗಡು ಒಳಕ್ಕೆ ಬಾಗಿ ಕಿರುಗುಟ್ಟಿತು. ಮಗುವೊಂದು ಚೀರುತ್ತಿತ್ತು.

ಮಹಾಂತೇಶ ಬೀಗಕ್ಕೆ ಕೈ ಹಾಕಿದರು.

"ತೆಗಿಬ್ಯಾಡ್ರಿ!" ಎಂದೆ. "ಆ ಪೆಟಗಿಗಳಿಗೆ ಎಡವಿ ಒಬ್ಬರ ಮ್ಯಾಲೆ ಒಬ್ಬರು ಬೀಳ್ತಾರ."

"ಮೇಡಂ, ಇಷ್ಟು ಮಂದಿ ನನ್ನ ಅಂಗಡಿ ಮುಂದ ಎಂದೂ ನಿಂತಿಲ್ರಿ. ಈಗ ತೆಗೀಲಿಲ್ಲಂದ್ರ ಎದುರಿನವರ ಕಡೆ ಹೋಗ್ತಾರ್ರಿ."

"ಹೋಗ್ಲಿ ಬಿಡ್ರಿ," ಎಂದ ಗಿರಿಜಾ ಗಂಡನ ಕೈಯಿಂದ ಕೀಲಿಕೈ ಕಿತ್ತುಕೊಂಡರು. "ಆ ಕೂಸಿನ ದನಿ ಕೇಳವಲ್ದೇನ್ರಿ ನಿಮಗ?"

ಜನ ಶಟರ್ ಬಿಟ್ಟು ಸರಿಯಬೇಕಾದರೆ ಕುಕ್ಕರಿನ ಆಸೆ ಮೊದಲು ಅಲ್ಲಿಂದ ಸರಿಯಬೇಕಿತ್ತು. "ಇವತ್ತ ಬಂದವರಿಗೆಲ್ಲಾ ಅದೇ ರೇಟ್ ಅಂತ ಹೇಳ್ರಿ. ಆ ರೇಟಿನ ಚೀಟಿ ಬರದು ಬಸ್ ಸ್ಟ್ಯಾಂಡಿನ್ಯಾಗ ಕೊಡ್ರಿ, ಕುಕ್ಕರ್ ಆಮ್ಯಾಲೆ ಒಯ್ಲಿ," ಎಂದೆ. ಅದು ನಷ್ಟದ ಮಾತೆಂದು ಮೂವರಿಗೂ ಗೊತ್ತಿತ್ತು. ಶಟರ್ ಮತ್ತೊಮ್ಮೆ ಕಿರುಗುಟ್ಟಿದಾಗ ಮಹಾಂತೇಶ ಆಗಲಿ ಎಂದು ತಲೆಯಾಡಿಸಿದರು.

ಓಣಿಯಲ್ಲಿ ನಿಂತಿದ್ದ ರಿಕ್ಷಾ ಹತ್ತಿ ಗಿರಿಜಾ ಮೈಕ್ ಹಿಡಿದರು. ಕೊಂಕಣಿಯಲ್ಲಿ, ಹಿಂದಿಯಲ್ಲಿ, ಆಮೇಲೆ ಕನ್ನಡದಲ್ಲಿ ಕೂಗಿದರು: "ಎಲ್ಲಾರಿಗೂ ಅರ್ಧಾ ರೇಟಿಗೆ ಕುಕ್ಕರ್ ಸಿಗತಾವ! ಚೀಟಿ ಬಸ್ ಸ್ಟ್ಯಾಂಡಿನ್ಯಾಗ ಕೊಡ್ತೀವಿ! ಹಿಂದ ನಿಂತವ್ರು ಮೊದಲು ಬರ್ರಿ!" ರಿಕ್ಷಾ ನಿಧಾನವಾಗಿ ಬಸ್ ನಿಲ್ದಾಣದತ್ತ ಹೊರಟಿತು. ಹಿಂದಿದ್ದವರು ಅದರ ಬೆನ್ನು ಹತ್ತಿದರು. ತಗಡಿನ ಸದ್ದು ನಿಂತಿತು. ಅದರೊಡನೆ ಮಗುವಿನ ಚೀರಾಟವೂ ನಿಂತಿತು.

ನಾನೂ ಮಹಾಂತೇಶರೂ ಓಣಿಯಿಂದ ಅಂಗಡಿಯ ಮುಂದಕ್ಕೆ ಓಡಿಹೋದೆವು. ಬುರ್ಖಾ ತೊಟ್ಟ ತಾಯಿಯೊಬ್ಬಳು ಮಗಳನ್ನು ಮೆಟ್ಟಿಲ ಮೇಲೆ ಕೂರಿಸಿ ಕೈಚೀಲ ಬೀಸಿ ಗಾಳಿ ಹಾಕುತ್ತಿದ್ದಳು. "ಉಸರ ಕಟ್ಟಿತ್ರಿ ಅಕ್ಕಾ. ಈಗ ಚಲೋ ಅದಾಳ," ಎಂದಳು. ಮಗುವಿನ ಕೆನ್ನೆಯ ಮೇಲೆ ಶಟರಿನ ಪಟ್ಟಿಗಳ ಗುರುತು ಮೂಡಿತ್ತು. ಮಹಾಂತೇಶ ಅದನ್ನೇ ನೋಡುತ್ತ ನಿಂತರು. ಆಮೇಲೆ ಒಳಗೆ ಹೋಗಿ ಕುಕ್ಕರ್ ಪೆಟ್ಟಿಗೆಗಳನ್ನು ತಾವೇ ಗೋದಾಮಿಗೆ ಹೊರತೊಡಗಿದರು.

ಆ ಚೌತಿಗೆ ಅವರಿಗೆ ನಷ್ಟವೇ ಆಯಿತು. ಹೇಗೋ ಅಂಗಡಿ ಉಳಿಯಿತು. ಜನರನ್ನು ಬಾಗಿಲಿಗೆ ತರುವುದು ಮಾರ್ಕೆಟಿಂಗ್ ಎಂದು ನಮಗೆ ಕಲಿಸುತ್ತಾರೆ; ಅವರೆಲ್ಲ ಬಂದೇ ಬಿಟ್ಟರೆ ಎಲ್ಲಿ ನಿಲ್ಲಬೇಕು ಎಂದು ಯಾರೂ ಕೇಳುವುದಿಲ್ಲ. ಈಗ ಯಾವ ಅಂಗಡಿಗೆ ಹೋದರೂ ನಾನು ಅದನ್ನೇ ಮೊದಲು ಕೇಳುತ್ತೇನೆ. ಕೆಲವು ಮಾಲೀಕರು ನಗುತ್ತಾರೆ. ಅಂಥವರ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ.