ಇಳಿಜಾರಿನಲ್ಲಿ ನಿಂತ ಚುಕ್ಕಿ

ರಸ್ತೆ ಎಂದರೆ ಮುಂದಕ್ಕೆ ಹೋಗುವುದು ಎಂದು ನಾನು ಇಪ್ಪತ್ತೊಂಬತ್ತು ವರ್ಷ ನಂಬಿಕೊಂಡಿದ್ದೆ. ಅದು ಕೆಳಕ್ಕೂ ಬೀಳುತ್ತದೆ ಎಂದು ಗೊತ್ತಾದದ್ದು ಬಾಳೆಬರೆ ಘಾಟಿಯಲ್ಲಿ. ವಿಜಯಪುರದಿಂದ ಶಿವಮೊಗ್ಗೆಗೆ ಬಂದು ಅಲ್ಲಿ ಕುಂದಾಪುರದ ಬಸ್ಸು ಹತ್ತಿದ್ದೆ. ಮಡಿಲಲ್ಲಿ ನರ್ಸ್ ಕೆಲಸದ ಆದೇಶಪತ್ರ, ಕಾಲ ಬಳಿ ಒಂದು ಚೀಲ ಜೋಳದ ಹಿಟ್ಟು. ಒಂದು ತಿರುವಿನಲ್ಲಿ ಕಿಟಕಿಯ ಆಚೆ ನೆಲವೇ ಇರಲಿಲ್ಲ. ಮರಗಳ ತುದಿ ನನ್ನ ಚಪ್ಪಲಿಗಿಂತ ಕೆಳಗಿತ್ತು. ಮುಂದಿನ ಸೀಟಿನ ಕಂಬಿ ಹಿಡಿದು "ಯವ್ವಾ, ಸತ್ತೆ!" ಎಂದು ಕಿರುಚಿದೆ. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಆಮೇಲೆ ಶಂಕರನಾರಾಯಣ, ಹಾಲಾಡಿ ದಾಟಿ ಕುಂದಾಪುರ ಬರುವವರೆಗೂ ನಾನು ತಲೆ ಎತ್ತಲಿಲ್ಲ.

ನಮ್ಮ ಕಡೆಯ ಓದುಗರಿಗೆ ಇದನ್ನು ಹೇಗೆ ತಿಳಿಸಲಿ? ನಮ್ಮಲ್ಲಿ ಮನೆಗೆ ಬರುವವನು ಊರ ಹೊರಗಿರುವಾಗಲೇ ಕಾಣುತ್ತಾನೆ, ಅವನು ಬಾಗಿಲಿಗೆ ಬರುವಷ್ಟರಲ್ಲಿ ಚಹಾ ಕುದಿದಿರುತ್ತದೆ. ಇಲ್ಲಿ ಯಾವುದೂ ಮುಂಚೆ ಕಾಣುವುದಿಲ್ಲ. ತೆಂಗು ಅಡ್ಡ, ಮಳೆ ಅಡ್ಡ. ಮನೆಯ ಹಿಂದೆಯೇ ಇದ್ದ ಕಡಲು ಕೂಡ ಮೊದಲ ಒಂದು ವಾರ ನನಗೆ ಬರೀ ಸದ್ದಾಗಿತ್ತು. ಆ ಸದ್ದಿಗೆ ನಾನು ಹೆದರುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಬೈಂದೂರು ತಾಲೂಕಿನ ಉಪ್ಪುಂದದಲ್ಲಿ ಬೇಬಿಯಕ್ಕನ ಮನೆಗೆ ಹೊಂದಿಕೊಂಡ ಎರಡು ಕೋಣೆ ಬಾಡಿಗೆಗೆ ಸಿಕ್ಕಿತು. ಅವರ ಗಂಡ ತಾಂಡೇಲ, ಅಂದರೆ ಮೀನಿನ ಬೋಟು ನಡೆಸುವವರು, ಬೋಟಿನಲ್ಲಿರುವ ಜನಕ್ಕೆಲ್ಲ ಹೊಣೆ. ಗಂಗೊಳ್ಳಿ ಬಂದರಿನಿಂದ ಹೊರಟರೆಂದರೆ ಎಂಟು ಹತ್ತು ದಿನ ಕಡಲ ಮೇಲೆಯೇ. ನಾನು ಬಂದ ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಬೇಬಿಯಕ್ಕ ಕೈಯಲ್ಲಿ ಕತ್ತಿ ಹಿಡಿದುಕೊಂಡೇ ಓಡಿ ಬಂದರು.

"ಹ್ವಾಯ್ ಸಿಸ್ಟ್ರೇ, ಎಂತದ್ ಮಾರಾಯ್ರೆ ಅದ್ ಸದ್ದ್?"

ಯಾರೋ ಗೋಡೆ ಒಡೆಯುತ್ತಿದ್ದಾರೆ ಎಂದುಕೊಂಡಿದ್ದರಂತೆ. ಒಂದು ರೊಟ್ಟಿ ಕೊಟ್ಟೆ. ಅದನ್ನು ಒಯ್ದು ಮೀನಿನ ಸಾರಿನಲ್ಲಿ ಅದ್ದಿ ತಿಂದರು. ನಾನು ಮುಖ ತಿರುಗಿಸಿದೆ. ಅವರು ಕೊಟ್ಟ ಕುಚ್ಚಲಕ್ಕಿ ಗಂಜಿ ನನಗೆ ಜ್ವರ ಬಂದವರ ಊಟದಂತೆ ಕಂಡಿತು. ಈಗ ಮಧ್ಯಾಹ್ನ ಗಂಜಿ ಇಲ್ಲದಿದ್ದರೆ ಊಟ ಮಾಡಿದಂತೆಯೇ ಆಗುವುದಿಲ್ಲ.

ಮಾತು ಇನ್ನೂ ಕಷ್ಟವಾಯಿತು. "ಯಾಕ್ರೀ, ಗುಳಿಗಿ ತಗೊಂಡಿಲ್ಲೇನ?" ಎಂದು ನಾನು ಅಕ್ಕರೆಯಿಂದ ಕೇಳಿದರೂ ಆಸ್ಪತ್ರೆಗೆ ಬಂದ ಮುದುಕರು ಡಾಕ್ಟರ ಹತ್ತಿರ ಹೋಗಿ ಹೊಸ ಸಿಸ್ಟರು ಬೈಯುತ್ತಾರೆ ಎಂದು ದೂರು ಹೇಳುತ್ತಿದ್ದರು. ನಮ್ಮ ಮಾತಿನ ಗತ್ತೇ ಇವರ ಕಿವಿಗೆ ಜಗಳ. ಆರು ವರ್ಷದಲ್ಲಿ ನಾನು ದನಿ ಇಳಿಸುವುದನ್ನು ಕಲಿತೆ, "ಕಾಂಬ" ಎನ್ನಲು ಕಲಿತೆ. ನೋಡೋಣ ಎಂದು ಅದರರ್ಥ. ಮೊನ್ನೆ ಒಬ್ಬ ಅಜ್ಜಿ ನನ್ನನ್ನೇ ಹುಡುಕಿಕೊಂಡು ಬಂದು ಇಂಜೆಕ್ಷನ್ ಚುಚ್ಚಿಸಿಕೊಂಡರು. ಅವತ್ತು ನಾನು ಮನೆಯವರೆಗೂ ಹಾಡಿಕೊಂಡು ಬಂದೆ.

ಇಷ್ಟೆಲ್ಲ ಆದಮೇಲೂ ಒಂದು ಹೆದರಿಕೆ ಮಾತ್ರ ಊರಿನಿಂದ ನನ್ನ ಜೊತೆಗೇ ಬಂದಿತ್ತು. ಅದರ ಹೆಸರು ಬಸು. ನನ್ನ ತಮ್ಮ.

ನಮ್ಮ ಜಿಲ್ಲೆಯ ಸೈಕಲ್ಲಿನ ಹುಚ್ಚನ್ನು ನಿಮಗೆ ವಿವರಿಸಬೇಕಾಗಿಲ್ಲ. ಕ್ರೀಡಾ ವಸತಿ ನಿಲಯದಲ್ಲಿ ಮೊದಲು ಸೈಕಲ್ ತುಳಿದವಳು ನಾನು, ರಜೆಗೆ ಬಂದಾಗ ಬಸುವನ್ನು ಹತ್ತಿಸಿದವಳೂ ನಾನೇ. ಅವನಿಗೆ ಎದುರುಗಾಳಿಯಲ್ಲಿ ತಲೆ ತಗ್ಗಿಸುವುದು ಕಲಿಸಿದೆ, ಇನ್ನೊಬ್ಬರ ಬೆನ್ನ ಹಿಂದೆ ಅಂಟಿಕೊಂಡು ದಮ್ಮು ಉಳಿಸುವುದು ಕಲಿಸಿದೆ. ಗುಡ್ಡ ಇಳಿಯುವುದನ್ನು ಕಲಿಸಲಿಲ್ಲ. ಎಲ್ಲಿಂದ ಕಲಿಸಲಿ? ನಮ್ಮಲ್ಲಿ ಗುಡ್ಡವೇ ಇಲ್ಲ.

ಈಗ ಅವನು ಹೊರದೇಶದ ಒಂದು ಸಣ್ಣ ತಂಡದಲ್ಲಿ ಸಂಬಳಕ್ಕಿದ್ದಾನೆ. ದೇಶದ ಹೆಸರು, ತಂಡದ ಹೆಸರು ಬರೆಯಬೇಡ ಎಂದಿದ್ದಾನೆ, ಬರೆಯುವುದಿಲ್ಲ. ಅಲ್ಲಿ ಅವನ ಕೆಲಸ ಗೆಲ್ಲುವುದಲ್ಲ. ತಂಡದ ನಾಯಕನಿಗೆ ನೀರಿನ ಬಾಟಲಿ ತಂದುಕೊಡುವುದು, ಗಾಳಿಗೆ ಅಡ್ಡ ನಿಲ್ಲುವುದು, ಬೇಕಾದರೆ ತನ್ನ ಚಕ್ರ ಬಿಚ್ಚಿ ಕೊಡುವುದು. ಹೋದ ವರ್ಷ ಒಂದು ಇಳಿಜಾರಿನಲ್ಲಿ ಬಿದ್ದು ಹೆಗಲ ಮೂಳೆ ಮುರಿದುಕೊಂಡ. ಹನ್ನೊಂದು ದಿನ ಅವ್ವನಿಗೆ ಹೇಳದೆ ಮುಚ್ಚಿಟ್ಟೆ. ಗೊತ್ತಾದ ದಿನ ಅವ್ವ ಫೋನಿನಲ್ಲಿ ಅಳಲಿಲ್ಲ, ಬೈಯಲಿಲ್ಲ. "ಇನ್ನೊಮ್ಮೆ ಮುಚ್ಚಿಟ್ರ ನೀ ನನ್ನ ಮಗಳಲ್ಲ" ಎಂದಳು. ಏನಾದರೂ ಆಗಲಿ, ಆದ ಕೂಡಲೇ ಹೇಳುತ್ತೇನೆ ಎಂದು ಆಣೆ ಮಾಡಿದೆ.

ಈ ಸಲದ ರೇಸು ಎಂಟು ದಿನದ್ದು. ದಿನಕ್ಕೊಂದು ಊರಿನಿಂದ ಇನ್ನೊಂದು ಊರಿಗೆ. ಸಣ್ಣ ರೇಸಾದ್ದರಿಂದ ಟಿವಿಯಲ್ಲಿ ಬರುವುದಿಲ್ಲ, ಮೊಬೈಲಿನಲ್ಲೇ ನೋಡಬೇಕು. ಒಂದು ನಕ್ಷೆ, ಅದರ ಮೇಲೆ ಹರಿದಾಡುವ ಚುಕ್ಕಿಗಳು, ಒಂದೊಂದು ಚುಕ್ಕಿಗೆ ಒಂದೊಂದು ಸಂಖ್ಯೆ. ಪಕ್ಕದಲ್ಲಿ ಆಗಾಗ ಒಂದೆರಡು ಸಾಲು ಬರಹ. ಕೊನೆಯ ಮುಕ್ಕಾಲು ಗಂಟೆ ಮಾತ್ರ ವಿಡಿಯೋ. ಬಸುವಿನದು ನಲವತ್ತಾರು. ಬರಹದಲ್ಲಿ ಅವನ ಹೆಸರು ಬರದಿದ್ದರೆ ನನಗೆ ಸಮಾಧಾನ. ಹಿಂದುಳಿದವರ ಬಗ್ಗೆ ಯಾರೂ ಬರೆಯುವುದಿಲ್ಲ, ಬರೆದರೆ ಬಿದ್ದವರ ಬಗ್ಗೆಯೇ. ಐದು ದಿನ ಅವನ ಸುದ್ದಿ ಬರಲಿಲ್ಲ. ಐದು ದಿನವೂ ನಾನು ಡ್ಯೂಟಿಯ ಮಧ್ಯೆ ಕದ್ದು ನೋಡಿ, ಗಂಟೆಗೊಮ್ಮೆ ಅವ್ವನಿಗೆ ವರದಿ ಒಪ್ಪಿಸಿದೆ.

ಆರನೆಯ ದಿನ ಭಾನುವಾರ, ಅಲ್ಲಿ ಗುಡ್ಡದ ದಿನ. ಇಲ್ಲಿ ಮಧ್ಯಾಹ್ನದಿಂದ ಮಳೆ, ಕರೆಂಟು ಹೋಗಿತ್ತು. ಬೇಬಿಯಕ್ಕನ ಗಂಡ ಹೊರಟು ನಾಲ್ಕು ದಿನವಾಗಿತ್ತು. ನಾವಿಬ್ಬರೂ ಜಗಲಿಯಲ್ಲಿ ಕೂತಿದ್ದೆವು, ಇಬ್ಬರ ಕೈಯಲ್ಲೂ ಮೊಬೈಲು. ಅವರ ಮೊಬೈಲಿನಲ್ಲೂ ಚುಕ್ಕಿಯೇ. ಬೋಟಿನಲ್ಲಿ ಕೂರಿಸಿದ ಪೆಟ್ಟಿಗೆಯೊಂದು ಬೋಟು ಎಲ್ಲಿದೆ ಎಂದು ದಡಕ್ಕೆ ತೋರಿಸುತ್ತದೆ.

ಬಸುವಿನ ಚುಕ್ಕಿ ಗುಡ್ಡ ಹತ್ತುತ್ತಿತ್ತು, ಆಶ್ಚರ್ಯ, ನಾಯಕನ ಪಕ್ಕದಲ್ಲೇ. ನೆತ್ತಿಯ ಹತ್ತಿರ ಎರಡೂ ಚುಕ್ಕಿ ಒಂದರ ಮೇಲೊಂದು ನಿಂತವು. ಅಷ್ಟರಲ್ಲಿ ನಲವತ್ತಾರು ಹೊರಟಿತು. ಹೊರಟದ್ದು ಎಂಥ ಹೊರಡುವುದು! ಗಂಟೆಗೆ ಎಂಬತ್ತು ಕಿಲೋಮೀಟರ್ ದಾಟಿ ಮುಂದಿನವರನ್ನು ಹಿಡಿಯುತ್ತಿತ್ತು. ಬಸು ಯಾವತ್ತೂ ಹಾಗೆ ಇಳಿದವನಲ್ಲ. ನನಗೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು. ಸರಿಯಾಗಿ ಆಗಲೇ ಅವ್ವನ ಫೋನು.

"ಎಲ್ಲದಾನವಾ ಈಗ?"

"ಗುಡ್ಡಾ ಇಳ್ಯಾಕತ್ತಾನ ಬೇ. ಮುಂದಿನವರ ಕೂಡ ಅದಾನ."

"ಮುಂದಿನವರ ಕೂಡ? ನಮ್ಮ ಬಸೂ?"

ಅವ್ವ ನಕ್ಕಳು. ಫೋನಿಟ್ಟು ತೆರೆ ನೋಡಿದರೆ ಚುಕ್ಕಿ ನಿಂತಿತ್ತು. ಒಂದು ತಿರುವಿನಲ್ಲಿ, ರಸ್ತೆಯ ಗೆರೆಯಿಂದ ಚೂರು ಹೊರಗೆ. ನೆಟ್‌ವರ್ಕ್ ಇಲ್ಲವೇನೋ ಎಂದುಕೊಂಡೆ, ಆದರೆ ಅದರ ಜೊತೆಗೆ ಇಳಿಯುತ್ತಿದ್ದ ಚುಕ್ಕಿಗಳೆಲ್ಲ ಓಡುತ್ತಿದ್ದವು. ಆಮೇಲೆ ಪಕ್ಕದಲ್ಲಿ ಬರಹ ಬಂತು: ಇಳಿಜಾರಿನಲ್ಲಿ ಅಪಘಾತ, ಸಂಖ್ಯೆ ನಲವತ್ತಾರು, ಅಂಬುಲೆನ್ಸ್ ಸ್ಥಳದಲ್ಲಿದೆ.

ನಾನು ನರ್ಸು. ಹೆದ್ದಾರಿಯಲ್ಲಿ ಬಿದ್ದವರನ್ನು ನನ್ನ ಕೈಯಾರೆ ಎತ್ತಿದ್ದೇನೆ. ಎಂಬತ್ತು ಕಿಲೋಮೀಟರ್ ವೇಗದಲ್ಲಿ ಮೈಮೇಲೆ ಬರೀ ತೆಳು ಬಟ್ಟೆ ಇದ್ದವನು ಬಿದ್ದರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಬೇಕಾಗಿಲ್ಲ. ಆದರೂ ಅವ್ವನಿಗೆ ಫೋನು ಮಾಡಿದೆ. ಆಣೆ ಮಾಡಿದ್ದೆನಲ್ಲ.

"ಅವ್ವಾ, ಬಸು ಬಿದ್ದಾನ ಅಂತ ಬರದಾರ. ಅಂಬುಲೆನ್ಸ್ ಬಂದೈತಿ."

"ಮಾತಾಡ್ತಾನೇನ?" ಎಂದಳು.

"ಗೊತ್ತಿಲ್ಲ ಬೇ."

ಅವ್ವ ಫೋನಿಟ್ಟಳು. ಬೇಬಿಯಕ್ಕ ಹತ್ತಿರ ಬಂದು ನನ್ನ ತೆರೆಯನ್ನು ಬಗ್ಗಿ ನೋಡಿದರು.

"ಸಿಸ್ಟ್ರೇ, ಆ ಚುಕ್ಕಿ ಸೈಕಲಿಂದಾ, ತಮ್ಮಂದಾ?"

ನನಗೆ ರೇಗಿಹೋಯಿತು. ಆರು ವರ್ಷ ಇಳಿಸಿಟ್ಟ ದನಿಯೆಲ್ಲ ಒಮ್ಮೆಗೇ ಮೇಲೆ ಬಂತು. "ಏನಂತ ಕೇಳ್ತೀರಿ ನೀವು? ಸೈಕಲ್ ಮ್ಯಾಲ ಅವನ ಅಲ್ಲೇನು ಇರೂದು!"

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಪೆಟ್ಟಿಗಿ ಎಲ್ಲಿಗ್ ಕಟ್ಟದ್ದ್ ಅಂದ್ ಕೇಂಡದ್, ಅಷ್ಟೆ."

"ಸೀಟಿನ ಕೆಳಗ."

"ಹಂಗಾರೆ ಕಂಡವ್ರ್ ಹೇಳ್ಲಿ. ಅಲ್ಲಿವರಿಗೆ ಮರ್ಕುದ್ ಬ್ಯಾಡ." ಅಳಬೇಡ ಎಂದು ಹೇಳಿದ್ದು. ಆಮೇಲೆ ಮಳೆಯ ಕಡೆ ನೋಡುತ್ತ, ನನಗೆ ಆರು ವರ್ಷದಲ್ಲಿ ಒಮ್ಮೆಯೂ ಹೇಳದಿದ್ದನ್ನು ಹೇಳಿದರು. "ನಂಗೂ ಒಬ್ಬ ತಮ್ಮ ಇದ್ದಿದ್ದ. ಬೋಟಿನ್ ಚುಕ್ಕಿ ಸಮಾ ಬಂತ್. ಅದನ್ನ್ ಕಂಡ್ಕಂಡ್ ನಾನ್ ಪಾಯ್ಸ ಮಾಡ್ದೆ. ಬೋಟ್ ಬಂತ್, ಅವ್ನ್ ಬರ್ಲಿಲ್ಲೆ."

ಕತ್ತಲಲ್ಲಿ ನೀರಿಗೆ ಬಿದ್ದಿದ್ದನಂತೆ, ಬೆಳಗಾಗುವವರೆಗೆ ಯಾರಿಗೂ ಗೊತ್ತಾಗಿರಲಿಲ್ಲ. ಅವತ್ತಿನಿಂದ ಬೇಬಿಯಕ್ಕ ಬೋಟಿನ ಚುಕ್ಕಿ ಬಂದರಿಗೆ ಬಂದರೂ ಒಲೆ ಹಚ್ಚುವುದಿಲ್ಲ. ಬಂದರಿಗೆ ಫೋನು ಮಾಡಿ "ಜನ ಬಂದ್ರಾ?" ಎಂದು ಕೇಳುತ್ತಾರೆ. ಆ ಮಾತು ನಾನು ಗೋಡೆಯ ಈಚೆಯಿಂದ ನೂರು ಸಲ ಕೇಳಿದ್ದೆ. ಯಾಕೆ ಹಾಗೆ ಕೇಳುತ್ತಾರೆ ಎಂದು ಯೋಚಿಸಿದ್ದೇ ಇಲ್ಲ.

ಒಂದು ಗಂಟೆಗೂ ಹೆಚ್ಚು ಹೊತ್ತು ಹಾಗೆಯೇ ಕೂತೆವು. ವಿಡಿಯೋ ಶುರುವಾಯಿತು. ಗೆದ್ದವನು ಬಂದ, ಕೈ ಎತ್ತಿದ. ನನಗೆ ಅವನ ಮೇಲೆ ಸಿಟ್ಟು ಬಂತು. ಹತ್ತು ಜನ, ಇಪ್ಪತ್ತು ಜನ ಬಂದರು. ಇಷ್ಟು ನಿಮಿಷದೊಳಗೆ ಬಾರದವರನ್ನು ರೇಸಿನಿಂದ ತೆಗೆದುಹಾಕುತ್ತಾರೆ, ಆ ಗಡುವು ಮುಗಿಯುತ್ತ ಬಂದಿತ್ತು. ಮಳೆಗೆ ಸಿಗ್ನಲ್ಲು ಹೋಗಿ ತೆರೆಯ ಮೇಲೆ ಗುಂಡಗಿನ ಗುರುತು ತಿರುಗತೊಡಗಿತು. ಮತ್ತೆ ಚಿತ್ರ ಬಂದಾಗ ಖಾಲಿ ರಸ್ತೆಯಲ್ಲಿ ಒಬ್ಬನೇ ಬರುತ್ತಿದ್ದ. ಅವನ ಅಳತೆಗೆ ಹೊಂದದ ಸೈಕಲ್ಲು, ಮೊಣಕಾಲು ಎದೆಗೆ ತಾಗುತ್ತಿತ್ತು. ಬಟ್ಟೆ ಹರಿದಿರಲಿಲ್ಲ, ಮೈಮೇಲೆ ಒಂದು ಗೀರೂ ಇರಲಿಲ್ಲ. ತಲೆ ತಗ್ಗಿಸಿದ್ದ. ಆ ತಲೆ ತಗ್ಗಿಸುವುದನ್ನು ಕಲಿಸಿದವಳು ನಾನು. ಗೆರೆ ದಾಟಿ ಅವನು ಮುಂದೆ ಹೋದಾಗ ಬೆನ್ನ ಮೇಲೆ ನಲವತ್ತಾರು ಕಂಡಿತು.

"ಬೇಬಿಯಕ್ಕ! ಕಂಡೆ, ಕಂಡೆ!" ಎಂದು ಅವರ ಕೊರಳಿಗೆ ಬಿದ್ದೆ. ಅವ್ವನಿಗೆ ಫೋನು ಮಾಡಿದೆ. "ಬಿದ್ದಾಂವ ನಮ್ಮವ ಅಲ್ಲ ಬೇ. ನನ್ನ ಕಣ್ಣೀಲೆ ನೋಡೇನಿ. ಬಂದ."

ಅವ್ವ ಆಗ ಅತ್ತಳು. ಅತ್ತು ಮುಗಿಸಿ, "ಹಂಗಾದ್ರ ಬಿದ್ದಾಂವ ಯಾರು?" ಎಂದಳು.

ಅಲ್ಲಿಯವರೆಗೆ ನಾನು ಅದನ್ನು ಕೇಳಿಕೊಂಡೇ ಇರಲಿಲ್ಲ. ನಾಚಿಕೆಯಾಯಿತು. ಅರ್ಧ ಗಂಟೆಯ ಮೇಲೆ ಬಸುವಿನ ಫೋನು ಬಂತು. ನೆತ್ತಿಯ ಹತ್ತಿರ ನಾಯಕನ ಗೇರು ಮುರಿದಿತ್ತಂತೆ. ತಂಡದ ಕಾರು ದೂರವಿತ್ತು. ಇಬ್ಬರದೂ ಒಂದೇ ಎತ್ತರ. ಬಸು ಇಳಿದು ತನ್ನ ಸೈಕಲ್ ಕೊಟ್ಟು, ಮುರಿದದ್ದನ್ನು ಹಿಡಿದುಕೊಂಡು ರಸ್ತೆಯ ಬದಿ ನಿಂತ. ತಡವಾಗಿ ಬಂದ ಕಾರಿನಲ್ಲಿ ಉಳಿದಿದ್ದದ್ದು ಗಿಡ್ಡ ಸೈಕಲ್ಲೊಂದೇ. ಅದು ಅವನ ಕೆಲಸ. ಬಿದ್ದವನು ನಾಯಕ, ಬರೆಯುವವನು ಎಲ್ಲೋ ಕೂತು ಬಸುವಿನ ಸೈಕಲ್ಲಿನ ಚುಕ್ಕಿ ನೋಡಿ ಬರೆದಿದ್ದ.

"ಅಕ್ಕಾ, ನನ್ನ ಬ್ರೇಕು ನನ್ನ ಕೈಗೆ ಬಿಗಿ ಮಾಡ್ಸಿದ್ದೆ. ಆಂವಗ ಗೊತ್ತಿರಲಿಲ್ಲ. ನಾ ಕೊಡಬಾರದಿತ್ತೇನ?"

ಉಂಡೆಯಾ ಎಂದು ಕೇಳಿದೆ.

"ನಾಳೆ ಮತ್ತ ಗುಡ್ಡಾ ಐತಿ ಅಕ್ಕಾ."

"ನಿಧಾನ ಇಳಿ ಬಸು. ಗಡುವು ತಪ್ಪಿದ್ರ ತಪ್ಪಲಿ." ಇಷ್ಟು ವರ್ಷದ ಮೇಲೆ ಗುಡ್ಡ ಇಳಿಯುವ ಪಾಠ ಇಷ್ಟೇ ಹೇಳಿಕೊಟ್ಟೆ.

ಕರೆಂಟು ಬಂದಿತ್ತು, ಹೊಟ್ಟೆ ಹಸಿದಿತ್ತು. ಬೇಬಿಯಕ್ಕ ಮಾತ್ರ ಏಳಲಿಲ್ಲ. "ಆ ಬಿದ್ದ ಹುಡ್ಗನ್ ಮನಿಗೆ ಸುದ್ದಿ ಹೋಯ್ತಾ?" ಎಂದರು. ಮುಖ ನೋಡದ, ಹೆಸರು ಬಾಯಲ್ಲಿ ತಿರುಗದ ಯಾರದೋ ಮಗ. ಅವನಿಗೆ ಪ್ರಜ್ಞೆ ಬಂದಿದೆ, ತೊಡೆಯ ಮೂಳೆ ಮುರಿದಿದೆ ಎಂದು ಬಸು ತಿಳಿಸಿದ ಮೇಲೆಯೇ ಅವರು ಎದ್ದು ಗಂಜಿಗೆ ನೀರಿಟ್ಟರು. ವಿಜಯಪುರದಲ್ಲಿ ಅವ್ವನೂ ಅಲ್ಲಿಯವರೆಗೆ ಉಂಡಿರಲಿಲ್ಲವಂತೆ.

ನನ್ನ ಮೇಜಿನ ಮೇಲೆ ವರ್ಗಾವಣೆ ಅರ್ಜಿ ಒಂದು ತಿಂಗಳಿಂದ ಇದೆ. ಹೆಸರು ತುಂಬಿದ್ದೇನೆ, ಬೇಕಾದ ಊರಿನ ಜಾಗ ಖಾಲಿ. ಅಲ್ಲಿ ಅವ್ವ ಒಬ್ಬಳೇ ಫೋನು ಹಿಡಿದು ಕೂರುತ್ತಾಳೆ ಎಂದು ನೆನೆದರೆ ಪೆನ್ನು ಎತ್ತುತ್ತೇನೆ. ಹಾಗೆ ಕಾಯುವುದನ್ನು ಬಲ್ಲವರು ಪಕ್ಕದಲ್ಲಿರುವುದು ಇಲ್ಲಿ ಎಂದು ನೆನಪಾಗಿ ಕೆಳಗಿಡುತ್ತೇನೆ.

ಮಂಗಳವಾರ ಕೊನೆಯ ದಿನ, ರಜೆ ಹಾಕಿದೆ. ಅವತ್ತು ವಿಡಿಯೋ ಬರಲೇ ಇಲ್ಲ. ಸಂಜೆ ಆರೂವರೆಗೆ ನಲವತ್ತಾರು ಕೊನೆಯ ಇಳಿಜಾರು ಇಳಿದು, ಊರೊಳಗೆ ಬಂದು, ಗೆರೆ ದಾಟಿತು. ಅವ್ವ ಫೋನಿನಲ್ಲಿದ್ದಳು. ಬೇಬಿಯಕ್ಕ ಹೆಗಲಿಗೆ ಹೆಗಲು ತಾಗಿಸಿ ಕೂತಿದ್ದರು.

"ಚುಕ್ಕಿ ಬಂತು" ಎಂದೆ.

"ಜನ ಬಂತಾ?" ಎಂದರು ಬೇಬಿಯಕ್ಕ.

"ಸೈಕಲ್ ಮ್ಯಾಲ ಯಾರದಾರ, ನೋಡಿದೇನ?" ಎಂದಳು ಅವ್ವ.

ನಾನು ಇಬ್ಬರಿಗೂ "ಕಾಂಬ" ಎಂದೆ. ಅವ್ವನಿಗೆ ಆ ಮಾತು ಯಾವತ್ತೂ ಹೇಳಿದವಳಲ್ಲ. ಆದರೂ ಅವಳು ಅದರರ್ಥ ಕೇಳಲಿಲ್ಲ, ಫೋನೂ ಇಡಲಿಲ್ಲ. ಬಸುವಿನ ದನಿ ಬರುವವರೆಗೆ ಮೂವರೂ ಒಲೆ ಹಚ್ಚದೆ ಕೂತೆವು.