ಹೊರಟವರನ್ನು ಕೇಳಬಾರದ ಮಾತು

ಆ ದಿನಗಳ ಬಗ್ಗೆ ಬರೆಯಲು ಕೂತಾಗಲೆಲ್ಲ ನಾನು ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕಾಗುತ್ತದೆ. ಇದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು ಎಂಬುದು ನನಗೆ ಖಾತ್ರಿಯಿಲ್ಲ. ಆಗ ನನಗೆ ಹತ್ತು ವರ್ಷ, ಇಲ್ಲವೇ ಹನ್ನೊಂದು. ಕೆರೆಯ ನೀರು ಕೊರೆಯುತ್ತಿತ್ತು ಎಂದು ನೆನಪು. ಆದರೆ ಒಂಟಾರಿಯೋದ ಯಾವ ಕೆರೆ ಕೊರೆಯುವುದಿಲ್ಲ? ಅಮ್ಮ ಅವತ್ತು ಹಸಿರು ಸ್ವೆಟರ್ ಹಾಕಿಕೊಂಡಿದ್ದಳು ಎಂದು ನಾನು ಹೇಳುತ್ತೇನೆ. ಅಂಥ ಸ್ವೆಟರೇ ತನ್ನ ಹತ್ತಿರ ಇರಲಿಲ್ಲ ಎಂದು ಅಮ್ಮ ಹೇಳುತ್ತಾಳೆ. ಪುರಾವೆ ಇಲ್ಲದ್ದನ್ನು ನಂಬಬಾರದು ಎಂದು ಯೂನಿವರ್ಸಿಟಿಯಲ್ಲಿ ನಾಲ್ಕು ವರ್ಷ ಕಲಿತು ಬಂದೆ. ಬಂದವನು ಮೊಟ್ಟಮೊದಲು ಅನುಮಾನಿಸಿದ್ದು ನನ್ನ ಬಾಲ್ಯವನ್ನೇ.

ನಾವಾಗ ಸ್ಕಾರ್‌ಬರೋದ ಅಪಾರ್ಟ್‌ಮೆಂಟಿನಲ್ಲಿದ್ದೆವು. ಅಪ್ಪ ಧಾರವಾಡದಲ್ಲಿ ಓದಿದ ಮೆಕ್ಯಾನಿಕಲ್ ಎಂಜಿನಿಯರು. ಅವನ ಒಬ್ಬನೇ ಗೆಳೆಯ ನಾರ್ತ್ ಯಾರ್ಕಿನಲ್ಲಿ ಹಲ್ಲಿನ ಡಾಕ್ಟರಾಗಿದ್ದ ಮಂಗಳೂರಿನ ಶೆಣೈ ಅಂಕಲ್. ಊರಿಂದ ಮೂರು ತಾಸು ಉತ್ತರಕ್ಕೆ, ಕೆರೆದಂಡೆಯ ಒಂದು ಕ್ಯಾಂಪ್‌ಸೈಟಿನಲ್ಲಿ ಶೆಣೈ ಅಂಕಲ್ ತಮ್ಮ ಆರ್‌ವಿಯನ್ನು, ಅಂದರೆ ಗಾಲಿಗಳ ಮೇಲಿನ ಪುಟ್ಟ ಮನೆಯನ್ನು, ಬೇಸಿಗೆಯುದ್ದಕ್ಕೂ ನಿಲ್ಲಿಸಿರುತ್ತಿದ್ದರು. ಒಳಗೆ ಎರಡು ಮಂಚ, ಅಂಗೈಯಗಲದ ಸಿಂಕು, ಎರಡು ಬರ್ನರಿನ ಒಲೆ. ವರ್ಷಕ್ಕೊಂದು ವಾರ ಅದು ನಮಗೆ, ಶೆಣೈ ಅಂಕಲ್ ಬಂದರೆ ಪಕ್ಕದಲ್ಲಿ ಟೆಂಟು ಹಾಕಿಕೊಳ್ಳುತ್ತಿದ್ದರು. ಆ ಒಲೆಯ ಮೇಲೆ ಅಜ್ಜಿ ಜೋಳದ ರೊಟ್ಟಿ ಸುಡುತ್ತಿದ್ದಳು. ಒಗ್ಗರಣೆ ಸಿಡಿದರೆ ಹೊಗೆಯ ಅಲಾರಮ್ಮು ಹೊಡೆದುಕೊಳ್ಳುತ್ತಿತ್ತು. ಅಮ್ಮ ಓಡಿ ಬಂದು ಅದಕ್ಕೆ ಟವೆಲಿನಿಂದ ಗಾಳಿ ಹಾಕುತ್ತಿದ್ದಳು. ಹೊರಗೆ ಪೈನ್ ಮರದ ವಾಸನೆ, ಒಳಗೆ ಶೇಂಗಾ ಚಟ್ನಿಪುಡಿಯ ವಾಸನೆ. ಪಿಕ್‌ನಿಕ್ ಟೇಬಲ್ಲಿನ ಮೇಲೆ ಇದ್ದಿಲಿನಿಂದ ಚೌಕಾಬಾರದ ಮನೆ ಬರೆದು, ಪೈನ್ ಕಾಯಿಗಳನ್ನೇ ಕಾಯಿ ಮಾಡಿಕೊಂಡು ಅಜ್ಜಿ ನಾನು ಆಡುತ್ತಿದ್ದೆವು. ಅಜ್ಜಿ ಮೋಸ ಮಾಡುತ್ತಿದ್ದಳು. ಇದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಅಪ್ಪನಿಗೂ ಶೆಣೈ ಅಂಕಲ್‌ಗೂ ಸೇರಿ ಒಂದು ಎಟಿವಿ ಇತ್ತು. ದಪ್ಪ ಗಾಲಿಗಳ, ಕಾಡಿನಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ. ತೊಡಕೆಂದರೆ ಕ್ಯಾಂಪ್‌ಸೈಟಿನೊಳಗೆ ಅದನ್ನು ಓಡಿಸುವಂತಿರಲಿಲ್ಲ. ದಿನಾ ಬೆಳಿಗ್ಗೆ ಅದನ್ನು ಸಣ್ಣ ಟ್ರೇಲರಿಗೆ ಹತ್ತಿಸಿ, ನಮ್ಮ ವ್ಯಾನಿನ ಹಿಂದೆ ಕಟ್ಟಿ, ಕಾಡುದಾರಿ ಶುರುವಾಗುವ ಜಾಗಕ್ಕೆ, ಅಂದರೆ ಟ್ರೇಲ್‌ಹೆಡ್ಡಿಗೆ ಒಯ್ಯಬೇಕು. ಸಂಜೆ ಮತ್ತೆ ಹತ್ತಿಸಿ ತರಬೇಕು. ಹತ್ತಿರದಲ್ಲಿ ಅಂಥ ಜಾಗ ಮೂರಿದ್ದವು: ಜಲ್ಲಿ ತೆಗೆಯುವ ಗುಂಡಿಯ ಹತ್ತಿರ ಒಂದು, ಹಳಿ ಕಿತ್ತುಹಾಕಿದ ಹಳೆಯ ರೈಲುದಾರಿಯಲ್ಲಿ ಒಂದು, ದೊಡ್ಡ ವಿದ್ಯುತ್ ಕಂಬಗಳ ಸಾಲಿನ ಕೆಳಗೆ ಒಂದು. ಆ ಕೊನೆಯದನ್ನು ಎಲ್ಲರೂ ಹೈಡ್ರೊ ಲೈನ್ ಎನ್ನುತ್ತಿದ್ದರು. ಮೂರೂ ಮೂರು ದಿಕ್ಕಿಗೆ, ಒಂದೊಂದಕ್ಕೂ ಮಣ್ಣುರಸ್ತೆಯಲ್ಲಿ ಅರ್ಧ ತಾಸು.

ಗಾಡಿ ಹತ್ತಿಸುವುದೆಂದರೆ ಅಪ್ಪನಿಗೆ ಪೂಜೆಯಿದ್ದ ಹಾಗೆ. ಏರುಹಲಗೆಯಂಥ ಎರಡು ಅಲ್ಯೂಮಿನಿಯಂ ರ‍್ಯಾಂಪು ಇಟ್ಟು, ಗಾಡಿಯನ್ನು ಮೆಲ್ಲಗೆ ಮೇಲಕ್ಕೆ ಬಿಟ್ಟು, ನಾಲ್ಕು ಮೂಲೆಗೆ ನಾಲ್ಕು ಪಟ್ಟಿ ಬಿಗಿದು, ಕೊನೆಗೆ ಇಡೀ ಟ್ರೇಲರನ್ನೇ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದ. "ಮಾರಾಯಾ, ನೀನು ಗಾಡಿ ಕಟ್ಟುವುದಾ ಆನೆ ಕಟ್ಟುವುದಾ?" ಎಂದು ಶೆಣೈ ಅಂಕಲ್ ಕೇಳುತ್ತಿದ್ದರು. ಇಷ್ಟೆಲ್ಲ ಮಾಡುವ ಅಪ್ಪ ರ‍್ಯಾಂಪನ್ನು ಮಾತ್ರ ಟ್ರೇಲರಿಗೆ ಕಟ್ಟುತ್ತಿರಲಿಲ್ಲ. ಯಾರಾದರೂ ಒಬ್ಬರು ಅದರ ಬುಡ ಜಾರದಂತೆ ಕಾಲಿನಿಂದ ಒತ್ತಿ ನಿಂತರೆ ಸಾಕು ಎನ್ನುತ್ತಿದ್ದ. ಆ ಒಬ್ಬರು ಶೆಣೈ ಅಂಕಲ್, ಅವರಿಲ್ಲದಿದ್ದರೆ ನಾನು.

ಅಜ್ಜಿಗೂ ಒಂದು ಕಟ್ಟಳೆಯಿತ್ತು. ಮನೆಯಿಂದ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಕೇಳಲೇಬೇಕೆಂದರೆ ದೂರ ಹೊಂಟೀರೇನು ಅನ್ನಬೇಕು. ಹೊರಟವನು ಹೂಂ ಅಂದರೆ ಅಲ್ಲಿಗೆ ಮುಗಿಯಿತು. ಸ್ಕಾರ್‌ಬರೋದಲ್ಲಿ ಇದರಿಂದ ತೊಂದರೆಯೇನೂ ಆಗಿರಲಿಲ್ಲ. ಅಪ್ಪ ಹೋಗುತ್ತಿದ್ದದ್ದು ಆಫೀಸಿಗೆ, ಅದು ಎಲ್ಲರಿಗೂ ಗೊತ್ತಿತ್ತು. ಆದರೆ ಕ್ಯಾಂಪ್‌ಸೈಟಿನ ಒಡತಿ ಡಾರ್ಲೀನಳ ಕಟ್ಟಳೆ ಇದಕ್ಕೆ ಪೂರಾ ಉಲ್ಟಾ. ಕಾಡಿಗೆ ಹೋಗುವವರು ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಅವಳ ಆಫೀಸಿನ ನೋಟ್‌ಬುಕ್ಕಿನಲ್ಲಿ ಬರೆದು ಹೋಗಬೇಕು. ಅಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಶೆಣೈ ಅಂಕಲ್ ಇದ್ದಾಗ ಅವರೇ ಬರೆಯುತ್ತಿದ್ದರು.

ಆ ಸೋಮವಾರ ಅವರು ಕ್ಲಿನಿಕ್ಕಿಗೆಂದು ಊರಿಗೆ ಹೋಗಿದ್ದರು. ಅಪ್ಪ ಒಬ್ಬನೇ ಹೊರಟ. ಬೆಳಿಗ್ಗೆ ರ‍್ಯಾಂಪಿನ ಬುಡದಲ್ಲಿ ನಿಂತಿದ್ದು ನಾನು. ಅಮ್ಮ ರೊಟ್ಟಿ ಬುತ್ತಿ ತಂದುಕೊಟ್ಟು, ಅತ್ತೆಯ ಮುಖ ನೋಡಿ, ಏನೂ ಕೇಳದೆ ಒಳಗೆ ಹೋದಳು. ಅಜ್ಜಿ ಬಾಗಿಲಲ್ಲಿ ನಿಂತು "ದೂರ ಹೊಂಟಿ ಏನಪಾ?" ಅಂದಳು. "ಹೂಂ ಅವ್ವಾ, ನಾಕಕ್ಕ ಬರ್ತೀನಿ," ಎಂದ ಅಪ್ಪ.

ಅಜ್ಜಿ ಒಳಗೆ ತಿರುಗಿದ ಮೇಲೆ ನಾನು ವ್ಯಾನಿನ ಕಿಟಕಿಗೆ ಬಾಯಿ ಹಚ್ಚಿ "ವೇರ್ ಟು, ಅಪ್ಪಾ?" ಅಂದೆ. ಇಂಗ್ಲಿಷಿನಲ್ಲಿ ಕೇಳಿದರೆ ಲೆಕ್ಕಕ್ಕಿಲ್ಲ ಎಂದುಕೊಂಡಿದ್ದೆ. ಅಜ್ಜಿ ನಿಂತಿದ್ದ ಬಾಗಿಲ ಕಡೆಗೊಮ್ಮೆ ನೋಡಿ, ಅಪ್ಪ ದನಿ ತಗ್ಗಿಸಿ, ಹೈಡ್ರೊ ಲೈನ್ ಅಂದ. ಆಮೇಲೆ ಕಣ್ಣು ಮಿಟುಕಿಸಿದ. ಆ ಕಣ್ಣು ಮಿಟುಕಿಸಿದ್ದನ್ನು ನಾನೇ ಸೇರಿಸಿಕೊಂಡಿರಬಹುದು. ಆಫೀಸಿನ ಮುಂದೆ ವ್ಯಾನು ನಿಲ್ಲಲಿಲ್ಲ. ಬಾಗಿಲು ಇನ್ನೂ ತೆರೆದಿರಲಿಲ್ಲ, ತೆರೆಯುವವರೆಗೆ ಕಾಯುವ ತಾಳ್ಮೆ ಅಪ್ಪನಿಗಿರಲಿಲ್ಲ.

ನಾಲ್ಕಾಯಿತು, ಐದಾಯಿತು. ಐದೂವರೆಗೆ ಅಮ್ಮ ರಸ್ತೆಯಂಚಿಗೆ ಹೋಗಿ ನಿಂತಳು. ಅಜ್ಜಿ ಚೌಕಾಬಾರ ಅರ್ಧಕ್ಕೇ ನಿಲ್ಲಿಸಿ ಜಪಮಾಲೆ ಹಿಡಿದಳು. ಹೊತ್ತೇನೂ ಮುಳುಗಿರಲಿಲ್ಲ, ಅಲ್ಲಿ ಜುಲೈಯಲ್ಲಿ ಒಂಬತ್ತರವರೆಗೂ ಬೆಳಕು. ಆದರೂ ಆರರ ಹೊತ್ತಿಗೆ ಅಮ್ಮ ಡಾರ್ಲೀನಳನ್ನು ಕರೆತಂದಳು. ನಮ್ಮ ವ್ಯಾನು ಹೋಗಿತ್ತು, ಇಡೀ ಜಾಗದಲ್ಲಿ ಹುಡುಕಲು ಹೋಗಬಲ್ಲ ಗಾಡಿ ಅವಳ ಪಿಕಪ್ ಒಂದೇ. ಅವಳು ಕಂಕುಳಲ್ಲಿ ನೋಟ್‌ಬುಕ್ಕು ಹಿಡಿದೇ ಬಂದಿದ್ದಳು. ಯಾವ ಟ್ರೇಲ್‌ಹೆಡ್ಡು ಎಂದು ಕೇಳಿದಳು. ಗೊತ್ತಿಲ್ಲ ಎಂದಳು ಅಮ್ಮ. ಬೆಳಿಗ್ಗೆ ಕೇಳಲಿಲ್ಲವೇ ಎಂದಳು. ಇಲ್ಲ ಎಂದಳು ಅಮ್ಮ. ಕಾಡಿಗೆ ಹೋಗುವ ಗಂಡನನ್ನು ಎಲ್ಲಿಗೆ ಎಂದು ಹೆಂಡತಿ ಕೇಳದಿರುವುದು ಹೇಗೆಂದು ಡಾರ್ಲೀನಳಿಗೆ ಅರ್ಥವಾಗಲಿಲ್ಲ. ಅವರಿಬ್ಬರಿಗೂ ಜಗಳವೇನೋ ಎಂಬಂತೆ ಅಮ್ಮನನ್ನು ನೋಡಿದಳು. ತಪ್ಪು ದಾರಿ ಹಿಡಿದರೆ ಹೋಗಿ ಬರುವುದಕ್ಕೇ ಒಂದು ತಾಸು. ಮೂರೂ ನೋಡುವಷ್ಟರಲ್ಲಿ ಕತ್ತಲಾಗುತ್ತದೆ.

ನಾನು ಆರ್‌ವಿಯ ಮೆಟ್ಟಿಲ ಮೇಲೆ ಕೂತಿದ್ದೆ. ನನಗೆ ಗೊತ್ತಿತ್ತು. ಆದರೆ ಬಾಯಿ ಬಿಟ್ಟರೆ ನಾನು ಕೇಳಿದೆನೆಂದು ಗೊತ್ತಾಗುತ್ತದೆ, ನಾನು ಕೇಳಿದ್ದಕ್ಕೇ ಅಪ್ಪನಿಗೆ ಹೀಗಾಯಿತೆಂದು ಗೊತ್ತಾಗುತ್ತದೆ. ಇಂಗ್ಲಿಷಿನದೂ ಲೆಕ್ಕಕ್ಕೆ ಬರುತ್ತದೆ ಎಂದು ಆಗ ನನಗೆ ಖಚಿತವಾಗಿತ್ತು. ಆರ್‌ವಿಯ ನೆರಳು ಟೇಬಲ್ಲಿನ ಒಂದು ಕಾಲಿನಿಂದ ಇನ್ನೊಂದಕ್ಕೆ ಸರಿಯುವಷ್ಟು ಹೊತ್ತು ನಾನು ಸುಮ್ಮನಿದ್ದೆ. ಹಾಗೆಂದು ನನ್ನ ನೆನಪು. ಎರಡು ನಿಮಿಷವೂ ಆಗಿರಲಿಲ್ಲ ಎಂದು ಅಮ್ಮ ಹೇಳುತ್ತಾಳೆ.

ಅಜ್ಜಿ ಬಂದು ಪಕ್ಕದಲ್ಲಿ ಕೂತಳು. ಅವಳ ಸೀರೆಗೆ ಹಿಂಗಿನ ವಾಸನೆಯಿತ್ತು.

"ರಘ್ಯಾ, ಮುಂಜಾನೆ ನೀ ಅಪ್ಪನ್ನ ಕೇಳೀದಿ, ಹೌದಲ್ಲೋ?"

ಇಲ್ಲವೆಂದು ತಲೆಯಾಡಿಸಿದೆ.

"ನನ್ನ ಮಾರಿ ನೋಡಿ ಹೇಳು."

"ಇಂಗ್ಲಿಷ್‌ನಾಗ ಕೇಳ್ದೆ," ಅಂದೆ. ಅಳು ಬಂತು.

ಅವಳು ಬೈಯಲಿಲ್ಲ. ಕೈಯಲ್ಲಿದ್ದ ಜಪಮಾಲೆಯನ್ನು ಮಡಿಲಿಗೆ ಹಾಕಿಕೊಂಡಳು. "ಕೇಳಿದ್ದು ಚಲೋ ಆತು," ಅಂದಳು. ಆಮೇಲೆ, ನಾನು ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಕೇಳದಿದ್ದ ಮಾತು ಕೇಳಿದೆ. "ಎಲ್ಲಿಗೆ ಹ್ವಾದ ಅಂವಾ?"

ಹೇಳಿದೆ. ಅಜ್ಜಿ ನನ್ನ ಕೈ ಹಿಡಿದು ಎಬ್ಬಿಸಿಕೊಂಡು ಡಾರ್ಲೀನಳ ಎದುರು ನಿಲ್ಲಿಸಿದಳು. ಇನ್ನೊಮ್ಮೆ ಹೇಳಿದೆ. ಡಾರ್ಲೀನ್ ನೋಟ್‌ಬುಕ್ಕನ್ನು ಟೇಬಲ್ಲಿನ ಮೇಲೆ ಎಸೆದು ಪಿಕಪ್ಪಿನ ಕಡೆಗೆ ಓಡಿದಳು.

ಅವಳಿಗೆ ಅಪ್ಪ ಸಿಕ್ಕದ್ದು ವ್ಯಾನಿನ ಹಿಂದೆಯೇ. ಕಾಡಿನಲ್ಲಿ ಅವನಿಗೆ ಏನೂ ಆಗಿರಲಿಲ್ಲ. ಹೊತ್ತಿಗೆ ಸರಿಯಾಗಿ ತಿರುಗಿ ಬಂದು ಗಾಡಿಯನ್ನು ಟ್ರೇಲರಿಗೆ ಹತ್ತಿಸುತ್ತಿದ್ದ. ಮುಂದಿನ ಗಾಲಿಗಳು ಮೇಲೇರುವಾಗ ರ‍್ಯಾಂಪು ಹಿಂದಕ್ಕೆ ಜಾರಿತು. ಬೆಳಿಗ್ಗೆ ಒತ್ತಿ ಹಿಡಿಯಲು ನಾನಿದ್ದೆ, ಸಂಜೆ ಯಾರೂ ಇರಲಿಲ್ಲ. ಗಾಡಿ ಮಗ್ಗುಲಾಗಿ ಬಿದ್ದು, ಅಪ್ಪನ ಎಡಗಾಲು ಅದರಡಿಗೆ ಸಿಕ್ಕಿತ್ತು. ಡಾರ್ಲೀನ್ ಹಾರೆ ಹಾಕಿ ಎತ್ತುವವರೆಗೂ ಅವನು ಸೊಳ್ಳೆಗಳ ನಡುವೆ ಹಾಗೇ ಬಿದ್ದಿದ್ದ. ಪಟ್ಟಣದ ಆಸ್ಪತ್ರೆಯಲ್ಲಿ ಎಲುಬು ಮುರಿದಿಲ್ಲ ಅಂದರು. ತಿರುಗಿ ಬಂದವನ ಕಾಲು ಬಾತು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಗಾಡಿಗೆ ಏನೂ ಆಗಿಲ್ಲ ಎಂಬುದು ಅವನ ಮೊದಲ ಮಾತು. ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಜ್ಜಿ ಅರಿಶಿನ ಬಿಸಿ ಮಾಡಿ ಹಚ್ಚಿದಳು.

ಇದು ನನ್ನ ಕಥೆ. ಅಪ್ಪನ ಕಥೆಯಲ್ಲಿ ನಾನೇ ಇಲ್ಲ: ಹೈಡ್ರೊ ಲೈನಿಗೆ ಹೋಗುತ್ತೇನೆಂದು ಅವನು ಹಿಂದಿನ ದಿನ ಊಟ ಮಾಡುವಾಗ ಎಲ್ಲರಿಗೂ ಹೇಳಿದ್ದನಂತೆ, ನಾವು ಕೇಳಿಸಿಕೊಂಡಿರಲಿಲ್ಲವಂತೆ. ಡಾರ್ಲೀನ್ ಮಣ್ಣಿನ ಮೇಲೆ ಟ್ರೇಲರಿನ ಗಾಲಿಯ ಗುರುತು ನೋಡಿಕೊಂಡು ಹೋದಳು ಎನ್ನುತ್ತಾಳೆ ಅಮ್ಮ. ಅಜ್ಜಿಯನ್ನು ಕೇಳಬೇಕೆನ್ನುವ ಹೊತ್ತಿಗೆ ಅವಳೇ ಇರಲಿಲ್ಲ. ಎಟಿವಿ ಮಾರಿಹೋಯಿತು. ಅಪ್ಪ ಅಮ್ಮ ಈಗ ಮಿಲ್ಟನ್ನಿನಲ್ಲಿದ್ದಾರೆ, ನಾನು ನಾರ್ತ್ ಯಾರ್ಕಿನಲ್ಲಿ. ಮೂವರ ಫೋನಿನ ಮ್ಯಾಪಿನಲ್ಲೂ ಯಾರು ಎಲ್ಲಿದ್ದಾರೆಂದು ತೋರಿಸುವ ಮೂವರ ನೀಲಿ ಚುಕ್ಕೆಗಳಿವೆ. ಅಪ್ಪ ಗ್ರೋಸರಿಗೆ ಹೊರಟರೆ ಅವನ ಚುಕ್ಕೆ ಹೊರಡುತ್ತದೆ, ಮನೆ ಮುಟ್ಟಿದರೆ ನಿಲ್ಲುತ್ತದೆ. ಎಲ್ಲಿಗೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಕೇಳಬಾರದೆಂದಲ್ಲ, ಕೇಳುವ ಅಗತ್ಯವೇ ಇಲ್ಲ. ಬಾಗಿಲಲ್ಲಿ ನಿಂತು ದೂರ ಹೊಂಟಿ ಏನಪಾ ಎನ್ನುವವರೂ ಇಲ್ಲ. ಅದೊಂದು ಅರ್ಥವಿಲ್ಲದ ಪದ್ಧತಿ ಎಂದು ವಾದಿಸಿ ನಾನು ಈಗಲೂ ಗೆಲ್ಲಬಲ್ಲೆ. ಆದರೆ ಚುಕ್ಕೆ ನೋಡಿ ಫೋನು ಕೆಳಗಿಟ್ಟ ಮೇಲೆ ಏನೋ ಕೇಳದೆ ಉಳಿಯಿತು ಅನ್ನಿಸುತ್ತದೆ.

ಹೋದ ಅಕ್ಟೋಬರಿನಲ್ಲಿ ಆ ಕ್ಯಾಂಪ್‌ಸೈಟು ಮಾರಾಟವಾಗುತ್ತಿದೆಯೆಂದು ಶೆಣೈ ಅಂಕಲ್ ಹೇಳಿದರು. ಒಬ್ಬನೇ ಕಾರು ಓಡಿಸಿಕೊಂಡು ಹೋದೆ. ಡಾರ್ಲೀನಳ ಮಗಳು ಆಫೀಸು ಖಾಲಿ ಮಾಡುತ್ತಿದ್ದಳು. ಹಳೆಯ ನೋಟ್‌ಬುಕ್ಕುಗಳು ಒಂದು ಡಬ್ಬಿಯಲ್ಲಿ ಕಸಕ್ಕೆ ಹೋಗಲು ತಯಾರಾಗಿದ್ದವು. ಒಂದು ತಾಸು ಹುಡುಕಿದ ಮೇಲೆ ಆ ವರ್ಷದ್ದು ಸಿಕ್ಕಿತು. ನಾನು ಎಷ್ಟು ಹೊತ್ತು ಸುಮ್ಮನಿದ್ದೆ ಎಂಬುದಕ್ಕೆ ಏನಾದರೂ ಸಾಕ್ಷಿ ಸಿಗಬಹುದೆಂದು ಆಸೆಯಿತ್ತು. ಸೋಮವಾರದ ಪುಟದಲ್ಲಿ ನಮ್ಮ ಸೈಟಿನ ನಂಬರಿನ ಎದುರು ಏನೂ ಬರೆದಿರಲಿಲ್ಲ.

ಗುರುವಾರದ ಪುಟದಲ್ಲಿ ಬರೆದಿತ್ತು. ಬುಧವಾರ ಶೆಣೈ ಅಂಕಲ್ ತಿರುಗಿ ಬಂದದ್ದು, ಮರುದಿನ ಅಪ್ಪ ಪಟ್ಟಿ ಕಟ್ಟಿದ ಕಾಲಿನಲ್ಲೇ ಅವರ ಜೊತೆ ಹೋದದ್ದು ನನಗೆ ಒಂದಿಷ್ಟೂ ನೆನಪಿಲ್ಲ, ಶೆಣೈ ಅಂಕಲ್ಲೇ ಆಮೇಲೆ ಹೇಳಿದ್ದು. ಮೇಲೆ ಕೆಳಗೆ ಬೇರೆಯವರ ಇಂಗ್ಲಿಷ್ ಸಾಲುಗಳು, ನಡುವೆ ನೀಲಿ ಬಾಲ್‌ಪೆನ್ನಿನಲ್ಲಿ ಒಂದು ಕನ್ನಡದ ಸಾಲು. ನಮ್ಮನ್ನು ಬಿಟ್ಟರೆ ಆ ಊರಿನಲ್ಲಿ ಅದನ್ನು ಓದಬಲ್ಲವರು ಒಬ್ಬರೂ ಇರಲಿಲ್ಲ. ಪುಟದ ಫೋಟೋ ತೆಗೆದುಕೊಂಡು ಮಿಲ್ಟನ್ನಿಗೆ ಹೋಗಿ, ಅಮ್ಮನ ಹತ್ತಿರವಿರುವ ಅಜ್ಜಿಯ ಉಪ್ಪಿನಕಾಯಿ ಅಳತೆಯ ಚೀಟಿಯ ಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿದೆ. ಬರಹ ಅಜ್ಜಿಯದೇ: "ರೈಲಿನ ಹಳೇ ದಾರಿ. ಇಬ್ಬರು. ಸಂಜೀ ನಾಕಕ್ಕ ಬರತಾರ. ನಾನ ಕೇಳೀನಿ."