ಬೀಗರ ನಿದ್ದೆ

ನಮ್ಮ ಮಾವನಿಗೆ ಹೊಟ್ಟೆಕಿಚ್ಚು ಬಂದರೆ ಮುಖದಲ್ಲೇ ಕಾಣುತ್ತದೆ. ಮುಚ್ಚಿಡುವ ಜಾಣತನ ಅವರಿಗಿಲ್ಲ. ಬಸ್ ನಿಲ್ದಾಣದಲ್ಲಿ ಟೈಮ್‌ಕೀಪರ್ ಆಗಿದ್ದವರು, ತಡವಾಗಿ ಬಂದ ಡ್ರೈವರುಗಳನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡೇ ಆಯಸ್ಸು ಕಳೆದವರು. ನಿವೃತ್ತರಾದ ಮೇಲೆ ಬೈಸಿಕೊಳ್ಳಲು ಅಂತ ಉಳಿದದ್ದು ಸೊಸೆಯಾದ ನಾನು ಮತ್ತು ನನ್ನ ಮಗಳು.

ಮಗಳು ಅರ್ಧವಾರ್ಷಿಕ ಪರೀಕ್ಷೆಯ ವಿಜ್ಞಾನದಲ್ಲಿ ಡುಮ್ಕಿ ಹೊಡೆದಳು. ಮಾವ ಕೂಡಲೇ ಟೊಂಕ ಕಟ್ಟಿ ನಿಂತರು. ಹೋಂವರ್ಕ್ ಯಾವಾಗ, ಹಳೆಯ ಪಾಠ ತಿರುವಿಹಾಕುವುದು ಯಾವಾಗ, ನೀರು ಕುಡಿಯುವುದು ಯಾವಾಗ ಎಂದೆಲ್ಲ ಬಣ್ಣದ ಶಾಯಿಯಲ್ಲಿ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದರು. ಅವಳು ಪಾಠ ಒಪ್ಪಿಸುವಾಗ ಎದುರಿಗೆ ಪುಸ್ತಕ ಹಿಡಿದು ಕೂರುವರು. ಒಂದಕ್ಷರ ಆಚೀಚೆ ಆದರೆ "ನಿಲ್ಲು! ಮೊದಲಿಂದ!" ಎನ್ನುವರು. ಗೊತ್ತಿದ್ದ ಉತ್ತರವೂ ಅವಳಿಗೆ ಮರೆತುಹೋಗುತ್ತಿತ್ತು.

ವಾರ್ಷಿಕ ಪರೀಕ್ಷೆ ಹತ್ತಿರ ಬಂದಾಗ ನನ್ನ ಅಪ್ಪ ಕೆಲವು ದಿನ ಇದ್ದು ಹೋಗಲು ನಮ್ಮ ಮನೆಗೆ ಬಂದರು. ಬೇಕರಿಯಲ್ಲಿ ದುಡಿದವರು. ಬೆಳಗಾಗುವ ಮುಂಚೆ ಏಳುವ ರೂಢಿ, ಹಾಗಾಗಿ ಮಧ್ಯಾಹ್ನ ಕೂತಲ್ಲೇ ತೂಕಡಿಕೆ. ಮಗಳಿಗೆ ಮಾವ ಅಜ್ಜ, ನನ್ನಪ್ಪ ತಾತ. ಅವಳು ತಾತನ ಪಕ್ಕ ಕೂತು ಪಾಠ ಹೇಳುತ್ತಾಳೆ. ಅವರು "ಹೂಂ" ಎನ್ನುತ್ತ ಎನ್ನುತ್ತ ಗೊರಕೆಗಿಳಿಯುತ್ತಾರೆ. ಅವಳು ಮೊಣಕೈಯಿಂದ ತಿವಿದು ಮತ್ತೆ ವಿವರಿಸುತ್ತಾಳೆ. ವಿವರಿಸಿ ವಿವರಿಸಿ ಪಾಠವೆಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸಾಯಿತು. ಶಾಲೆಯ ಕಿರುಪರೀಕ್ಷೆಯಲ್ಲಿ ಪಾಸಾಗಿ ಬಂದವಳು ಚಪ್ಪಲಿ ಬಿಡುವ ಮೊದಲೇ "ತಾತಾ!" ಎಂದು ಕೂಗಿದಳು. ಬಾಗಿಲು ತೆರೆದವರು ಮಾವ. ಅವರನ್ನು ದಾಟಿಕೊಂಡು ಒಳಗೆ ಓಡಿದಳು.

ಮಾವ ಸೀದಾ ಅಡುಗೆಮನೆಗೆ ಬಂದು ನನ್ನ ಮೇಲೆ ಹರಿಹಾಯ್ದರು. "ಏನಮ್ಮ, ನಿಮ್ಮಪ್ಪ ಏನು ಕಲಿಸ್ತಾರೆ? ಗೊರಕೆ ಹೊಡೆಯೋದಾ?"

"ಅವರೇನೂ ಕಲಿಸಲ್ಲ ಮಾವ. ಅವಳೇ ಅವರಿಗೆ ಹೇಳ್ಕೊಡ್ತಾಳೆ."

"ಹಾಗಾದ್ರೆ ನಾನು ಇಷ್ಟು ದಿನ ಕೂತಿದ್ದು ದಂಡನಾ? ನಂಗೆ ಹೊಟ್ಟೆ ಉರೀತಿದೆ ಕಣಮ್ಮ, ಹೇಳ್ಬಿಡ್ತೀನಿ. ನನ್ನ ಮೊಮ್ಮಗಳು ನನ್ನ ಹತ್ರ ಓದ್ಬೇಕು."

ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ. ಗೆದ್ದವರು ನನ್ನಪ್ಪ ತಾನೇ.

ಮರುದಿನ ಮಧ್ಯಾಹ್ನ ಅಪ್ಪ ಕನ್ನಡಕ ರಿಪೇರಿಗೆ ಪೇಟೆಗೆ ಹೋಗಿದ್ದರು. ಮಾವ ನನ್ನಪ್ಪ ಕೂರುವ ಕುರ್ಚಿಯಲ್ಲಿ ಕಾಲು ಚಾಚಿ ಕೂತು, ಮಗಳನ್ನು ಕರೆದು, "ಪಾಠ ಹೇಳಮ್ಮ" ಎಂದು ಕಣ್ಣು ಮುಚ್ಚಿದರು. ಗೊರಕೆ ಶುರುವಾಯಿತು. ಸ್ಟಾರ್ಟ್ ಆಗದ ಬಸ್ಸು ಒದ್ದಾಡಿದ ಹಾಗಿತ್ತು. ನಾನು ಬಾಗಿಲ ಹತ್ತಿರ ಬಟ್ಟೆ ಮಡಚುತ್ತ ನಗು ತಡೆದುಕೊಂಡೆ.

ಮಗಳು ಅವರನ್ನೇ ದಿಟ್ಟಿಸಿ ನೋಡಿ, ಬೇಕಂತಲೇ ತಪ್ಪು ಹೇಳಿದಳು. "ಗಿಡದ ಬೇರು ಬಿಸಿಲು ಕುಡಿಯುತ್ತದೆ."

ಗೊರಕೆ ಗಕ್ಕನೆ ನಿಂತಿತು. ಮಾವನ ತುಟಿ ಅದುರಿತು. ಕಷ್ಟಪಟ್ಟು ಮತ್ತೆ ಗೊರಕೆ ಎಳೆದರು.

"ಅಜ್ಜ, ನಾಟಕ ಬೇಡ. ತಾತಂಗೆ ನಿಜವಾಗ್ಲೂ ನಿದ್ದೆ ಬರುತ್ತೆ. ನಿಜವಾಗ್ಲೂ ಏನೂ ಗೊತ್ತಿಲ್ಲ, ಅದಕ್ಕೇ ಹೇಳ್ಕೊಡ್ತೀನಿ. ನಿಮಗೆ ಎಲ್ಲಾ ಗೊತ್ತಲ್ಲ. ನಿಮಗೆ ನಾನ್ಯಾಕೆ?"

ಮಾವ ಕಣ್ಣು ತೆರೆದರು. ನಾನು ಹಾಗೆಂದಿದ್ದರೆ ಮನೆಯ ಸೂರೇ ಹಾರಿಹೋಗುತ್ತಿತ್ತು. ಅವರು ಬಾಗಿಲ ಕಡೆ ನೋಡಿದರು. ನಾನು ಅಲ್ಲೇ ಇದ್ದೇನೆಂದು ಗೊತ್ತಾದರೂ ದನಿ ತಗ್ಗಿಸಲಿಲ್ಲ.

"ಆ ದ್ಯುತಿಸಂಶ್ಲೇಷಣೆ ಅಂತ ಇದ್ಯಲ್ಲ ಪುಟ್ಟಿ, ಅದೇನು ಅಂತ ನಂಗೆ ಗೊತ್ತಿಲ್ಲ. ಪುಸ್ತಕ ನೋಡ್ಕೊಂಡು ತಪ್ಪು ಹಿಡೀತಿದ್ದೆ, ಅಷ್ಟೆ. ವಿಜ್ಞಾನ ನನ್ನ ತಲೆಗೆ ಹತ್ತಲೇ ಇಲ್ಲ."

"ಒಂಚೂರೂ ಗೊತ್ತಿಲ್ವಾ?"

"ಒಂಚೂರೂ ಗೊತ್ತಿಲ್ಲ. ನಿಮ್ಮ ತಾತನಿಗಿಂತ್ಲೂ ಕಮ್ಮಿ. ಬೇಕಾದ್ರೆ ಪರೀಕ್ಷೆ ಮಾಡು."

ಮಗಳು ಸ್ಟೂಲನ್ನು ಅವರ ಹತ್ತಿರಕ್ಕೆ ಎಳೆದುಕೊಂಡಳು.